ನೂರ ಹದಿನಾರನೇ ಕುಂಡ

ಗಾಜಿನ ಮನೆಯಲ್ಲಿ ಕುಂಡ ತಿರುಗಿಸುವುದು ಎಂಬ ಒಂದು ಕೆಲಸವಿತ್ತು. ವಾರಕ್ಕೊಮ್ಮೆ, ಶನಿವಾರ. ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಮರಳಿನ ಹಾಸಿನಿಂದ ಒಂದು ಗೇಣು ಮೇಲಕ್ಕೆತ್ತಬೇಕು, ಅರ್ಧ ಸುತ್ತು ತಿರುಗಿಸಬೇಕು, ಮತ್ತೆ ಅಲ್ಲೇ ಇಡಬೇಕು. ಹೀಗೆ ಇನ್ನೂರ ನಲವತ್ತು ಕುಂಡ. ಹೊಸದಾಗಿ ನೋಡಿದವರು ತಿರುಗಿಸುವವನಿಗೇನು ತಲೆ ಕೆಟ್ಟಿದೆಯೇ ಎಂದುಕೊಳ್ಳುತ್ತಿದ್ದರು. ಆದರೆ ಆ ಕುಂಡಗಳಲ್ಲಿದ್ದದ್ದು ಕಾಡು ಆಲೂಗಡ್ಡೆ. ಕಾಡು ಆಲೂಗಡ್ಡೆಗೆ ಇದ್ದಲ್ಲಿ ಇರುವುದು ಗೊತ್ತಿಲ್ಲ.

ನಾವು ತಿನ್ನುವ ಆಲೂಗಡ್ಡೆ ತಾಯಿಯ ಸೆರಗು ಬಿಡದ ಮಗುವಿನ ಹಾಗೆ ಗಿಡದ ಬುಡದಲ್ಲೇ ಗಡ್ಡೆ ಕಟ್ಟುತ್ತದೆ. ಕಾಡಿನದು ಮಣ್ಣೊಳಗೇ ದಾರದಂಥ ಬಿಳಿ ಬಳ್ಳಿ ಬಿಟ್ಟು ಓಡುತ್ತದೆ. ಒಂದು ಮೊಳ, ಎರಡು ಮೊಳ, ಕೆಲವು ಮಾರುದ್ದ. ಕುಂಡದ ತಳದಲ್ಲಿ ನೀರು ಬಸಿಯಲು ಬಿಟ್ಟ ತೂತನ್ನು ಹುಡುಕಿಕೊಂಡು ಹೊರಗೆ ಬಂದು, ಮರಳಲ್ಲಿ ತೆವಳಿ, ಪಕ್ಕದ ಕುಂಡದ ತೂತಿನಿಂದ ಒಳಗೆ ನುಗ್ಗಿ, ತಾನೇ ಆ ಮನೆಯ ಯಜಮಾನ ಎಂಬಂತೆ ಅಲ್ಲಿ ತಲೆ ಎತ್ತುತ್ತದೆ. ಕುಂಡಕ್ಕೆ ಚುಚ್ಚಿದ ತಗಡಿನ ಮೇಲೆ ಒಂದು ನಂಬರು, ಮಣ್ಣಲ್ಲಿ ಇನ್ನೊಂದರ ಗಿಡ. ವಾರಕ್ಕೊಮ್ಮೆ ಎತ್ತಿ ತಿರುಗಿಸಿದರೆ ಆ ಓಡುಬಳ್ಳಿ ಟಕ್ಕನೆ ತುಂಡಾಗುತ್ತದೆ. ಇಡೀ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಮರ್ಯಾದೆ ಆ ‘ಟಕ್’ ಸದ್ದಿನ ಮೇಲೆ ನಿಂತಿತ್ತು.

ಆ ಸದ್ದು ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದವನು ಒಬ್ಬನೇ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಕ್ಕೆಲ್ಲರಿಗೂ ಅವನು ಕುಂಡಪ್ಪ. ಕುಂಡಗಳ ಜೊತೆ ಮಾತಾಡುತ್ತಾನೆಂದು ಯಾರೋ ತಮಾಷೆಗೆ ಕರೆದದ್ದು ಮೈಗೆ ಅಂಟಿಕೊಂಡಿತ್ತು. ಹತ್ತೊಂಬತ್ತು ವರ್ಷವಾದರೂ ಅವನಿನ್ನೂ ತಾತ್ಕಾಲಿಕ. ಗಿಡಗಳಿಗೆ ನಂಬರಿತ್ತು, ಅವನಿಗೆ ಇರಲಿಲ್ಲ.

ನಂಬರೆಂದರೆ ಅದೂ ಮಣ್ಣಿಗೆ ಚುಚ್ಚಿದ ತಗಡಿನ ತುಂಡಿನ ಮೇಲಷ್ಟೇ. ಕುಂಡದ ಮೈಮೇಲೂ ಬಣ್ಣದಲ್ಲಿ ಬರೆಸಿ ಎಂದು ಕೆಲಸಕ್ಕೆ ಸೇರಿದ ಮೂರನೇ ವರ್ಷವೇ ಕುಂಡಪ್ಪ ಹೇಳಿದ್ದ. ಕಡತ ಹೋಯಿತು. ಬಣ್ಣ ಬರಲಿಲ್ಲ. ಅದೇ ವರ್ಷ ಸಂಸ್ಥೆಯ ಮುಖ್ಯಸ್ಥರಾದ ದೊಡ್ಡವರ ಕೋಣೆಯ ಬಾಗಿಲಿಗೆ ಎರಡು ಸಲ ಬಣ್ಣ ಹೊಡೆದರು. ಮೊದಲನೆಯದು ಅವರ ಕಣ್ಣಿಗೆ ಹಿಡಿಸಲಿಲ್ಲವಂತೆ.

ನೋಡಲು ಬಂದವರು ನಗುತ್ತಿದ್ದರು. ಕಡಲೆಕಾಳಿನಷ್ಟು ಗಡ್ಡೆ, ವಿಷದಂಥ ಕಹಿ.

“ಇಷ್ಟೇನಾ? ಇದನ್ನ ತಿನ್ನೋಕಾಗುತ್ತಾ?”

“ತಿಂದ್ರೆ ಹೊಟ್ಟೆ ಹಿಡ್ಕೊಂಡು ಮಲಗ್ತೀರಿ ಸಾರ್.”

“ಮತ್ಯಾಕಪ್ಪಾ ಇದನ್ನ ಸಾಕ್ತೀರಿ?”

ನಿಮ್ಮನ್ನ ಯಾಕೆ ಸಾಕ್ತಾ ಇದಾರೋ ನಂಗೂ ಗೊತ್ತಿಲ್ಲ ಎಂಬ ಮಾತು ಕುಂಡಪ್ಪನ ನಾಲಿಗೆಯ ತುದಿಗೆ ಬಂದು, ಎಂಜಲಿನ ಜೊತೆ ಒಳಗೆ ಹೋಗುತ್ತಿತ್ತು.

ಯಾಕೆ ಸಾಕುತ್ತಾರೆಂಬುದನ್ನು ಅವನಿಗೆ ಹೇಳಿಕೊಟ್ಟವಳು ಡಾಕ್ಟ್ರಮ್ಮ. ರೋಗಿಗಳ ಡಾಕ್ಟರಲ್ಲ, ಆಲೂಗಡ್ಡೆ ಓದಿ ಡಾಕ್ಟರಾದವಳು. ಮೂವತ್ತೈದರ ಆಸುಪಾಸು, ಯಾವಾಗಲೂ ಕೊರಳಲ್ಲಿ ಒಂದು ಭೂತಗನ್ನಡಿ ನೇತಾಡುತ್ತಿತ್ತು. ಒಂದು ದಿನ ಹೂವಿನ ಕೇಸರ ಕೀಳುತ್ತಾ ಹೇಳಿದ್ದಳು:

“ನಾವು ತಿನ್ನೋ ಆಲೂಗಡ್ಡೆ ಮುದ್ದು ಹೆಚ್ಚಾಗಿ ಕೆಟ್ಟ ಮಗು, ಕುಂಡಪ್ಪ. ದಪ್ಪಗಾಗು, ರುಚಿಯಾಗು ಅಂತ ಸಾವಿರಾರು ವರ್ಷ ಬೆಳೆಸಿದ್ರು. ಅದು ದಪ್ಪಗಾಯ್ತು, ಜಗಳ ಆಡೋದನ್ನ ಮರೆತುಬಿಡ್ತು. ಇವು ಅದರ ದೊಡ್ಡಮ್ಮ ಚಿಕ್ಕಮ್ಮಂದಿರು. ಚಳಿ, ಹುಳ, ರೋಗ, ಎಲ್ಲರ ಹತ್ರಾನೂ ಬೀದಿಜಗಳ ಆಡಿ ಬದುಕಿರೋರು. ಆ ಜಗಳಗಂಟಿ ಬುದ್ಧಿ ಸ್ವಲ್ಪ ಅದಕ್ಕೆ ಬರಿಸ್ಬೇಕು.”

“ಅಂದ್ರೆ ಈ ಮನೆಯಿಂದ ಹೆಣ್ಣು ತರೋದು.”

“ಹೂಂ. ಹೆಣ್ಣು ಬಂದ್ಮೇಲೂ ಕೆಲಸ ಇದೆ. ಕಹಿ ಬಿಡ್ಬೇಕು, ಗಡ್ಡೆ ದಪ್ಪ ಬರ್ಬೇಕು, ಆದ್ರೆ ಜಗಳ ಉಳೀಬೇಕು. ಹತ್ತು ಹದಿನೈದು ವರ್ಷ ಹಿಡಿಯುತ್ತೆ.”

“ಅಷ್ಟೊತ್ತಿಗೆ ನಾನು ಕಾಯಂ ಆಗಿರ್ತೀನಿ ಬಿಡಿ,” ಎಂದಿದ್ದ ಕುಂಡಪ್ಪ. ಇಬ್ಬರೂ ನಕ್ಕಿದ್ದರು.

ಜಗಳ ಬೇಕಾಗಿದ್ದದ್ದು ಅಂಗಮಾರಿ ಎಂಬ ರೋಗದ ಜೊತೆ. ಊರಿನ ಕೆಳಗಿನ ಕಣಿವೆಯಲ್ಲೆಲ್ಲ ಆಲೂಗಡ್ಡೆ ಬೆಳೆಯುತ್ತಿದ್ದರು. ಮೋಡ ಕವಿದು ಗಾಳಿ ತಣ್ಣಗಾದರೆ ಸಾಕು, ಎಲೆಯ ತುದಿಯಲ್ಲಿ ಬೆರಳೊತ್ತಿದಷ್ಟು ಕಪ್ಪು. ಮೂರು ದಿನದಲ್ಲಿ ಇಡೀ ಹೊಲ ಬಿಸಿನೀರು ಸುರಿದ ಹಾಗೆ ಕುಸಿಯುತ್ತಿತ್ತು. ಗಡ್ಡೆ ಮಣ್ಣಲ್ಲೇ ಕೊಳೆತು ನಾರುವ ನಾತ ಬಸ್ಸಿನ ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ಔಷಧಿ ಹೊಡೆಯುವವರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ವಾರ ವಾರ ಹೊಡೆಯುತ್ತಿದ್ದರು, ವಾರ ವಾರ ಕೆಮ್ಮುತ್ತಿದ್ದರು. ಔಷಧಿಗೆ ರೋಗ ಒಗ್ಗಿಹೋಗಿತ್ತು. ಹೊಡೆಯುವವರ ಎದೆ ಒಗ್ಗಲಿಲ್ಲ.

ಆ ವರ್ಷ ಹೊಸದೊಂದು ಪರೀಕ್ಷೆ ಕೋಣೆ ಸಿದ್ಧವಾಯಿತು. ಪ್ರತಿ ಕುಂಡದಿಂದ ಒಂದು ಎಲೆ ಕತ್ತರಿಸಿ, ತಟ್ಟೆಯಲ್ಲಿಟ್ಟು, ಅಂಗಮಾರಿ ಬೆರೆಸಿದ ನೀರಿನ ಒಂದು ಹನಿ ಬಿಟ್ಟು ಕಾಯುವುದು. ಕಪ್ಪಾದದ್ದು ಸೋತಿತು. ಹಸಿರಾಗೇ ಉಳಿದದ್ದಿದ್ದರೆ, ಅದು ಕಣಿವೆಗೆ ಬೇಕಾದ ಜಗಳಗಂಟಿ.

ಎಲೆ ಕತ್ತರಿಸುವುದಕ್ಕೆ ಮೂರು ವಾರ ಮುಂಚೆ ಕುಂಡಪ್ಪ ಗಾಜಿನ ಮಾಡು ಒರೆಸುತ್ತಿದ್ದವನು ಏಣಿಯಿಂದ ಜಾರಿ ಬಿದ್ದ. ಬಲಗೈಯ ಮಣಿಕಟ್ಟು ಕಟಕ್ಕೆಂದಿತು. ಸುತ್ತಲೂ ಯಾರೂ ಇರಲಿಲ್ಲ. ಅವನು ಮೊದಲು ಮಾಡಿದ ಕೆಲಸವೆಂದರೆ ಎದ್ದು ಅತ್ತಿತ್ತ ನೋಡಿದ್ದು. ಯಾರೂ ನೋಡಲಿಲ್ಲವೆಂದು ಗೊತ್ತಾದಾಗ ನೋವಿಗಿಂತ ಮೊದಲು ಸಮಾಧಾನವಾಯಿತು. ತಾತ್ಕಾಲಿಕದವರಿಗೆ ಪೆಟ್ಟಾದರೆ ಏನಾಗುತ್ತದೆಂದು ಅವನು ಕಂಡಿದ್ದ. “ಪಾಪ, ರೆಸ್ಟ್ ತಗೊಳ್ಳಿ” ಎನ್ನುತ್ತಾರೆ. ಆ ರೆಸ್ಟು ಮುಗಿಯುವುದೇ ಇಲ್ಲ. ನೀರು ಬಿಡುವವನಿಗೆ ಹಾಗೇ ಆಯಿತು, ಗೊಬ್ಬರ ಜರಡಿ ಹಿಡಿಯುವವಳಿಗೂ. ಅದೂ ಅಲ್ಲದೆ ಕಾಯಂ ಮಾಡುವ ಕಾಗದ ಹತ್ತೊಂಬತ್ತು ವರ್ಷ ತಿಪ್ಪರಲಾಗ ಹಾಕಿ ಕೊನೆಗೆ ದೊಡ್ಡವರ ಮೇಜಿನ ಮೇಲೆ ಬಂದು ಕೂತಿತ್ತು.

ಹೆಂಡತಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಅವಳೇ ಕೈಗೆ ರಟ್ಟಿನ ತುಂಡು ಇಟ್ಟು ಬಟ್ಟೆ ಸುತ್ತಿ ಬಿಗಿದಳು.

“ಡಾಕ್ಟರಿಗೆ ತೋರಿಸ್ರೀ ಅಂದ್ರೆ, ಅದೇನ್ ಹಠ ನಿಮ್ದು?”

“ತೋರ್ಸಿದ್ರೆ ಚೀಟಿ ಕೊಡ್ತಾರೆ. ಚೀಟಿ ಆಫೀಸಿಗೆ ಹೋಗುತ್ತೆ. ಕಟ್ಟು ಸಾಕು, ಉದ್ದ ತೋಳಿನ ಅಂಗಿ ಹಾಕ್ಕೋತೀನಿ.”

“ಗಿಡಕ್ಕೆ ಒಂದು ಎಲೆ ಬಾಡಿದ್ರೆ ಊಟ ಬಿಡ್ತೀರಾ. ನಿಮ್ಮ ಕೈ ಮಾತ್ರ ಬಿಟ್ಟಿ ಬಿದ್ದಿದೆ.”

ಒಂದೇ ಕೈಯಲ್ಲಿ ನೀರು ಬಿಟ್ಟ, ಒಂದೇ ಕೈಯಲ್ಲಿ ಗುಡಿಸಿದ. ಆದರೆ ಮಣ್ಣು ತುಂಬಿದ ಕುಂಡವನ್ನು ಒಂದೇ ಕೈಯಲ್ಲಿ ಎತ್ತಿ ತಿರುಗಿಸಲು ಆಗುವುದಿಲ್ಲ. ಮೂರು ಶನಿವಾರ ಹೋಯಿತು. ಗಾಜಿನ ಮನೆಯಲ್ಲಿ ಒಂದೂ ‘ಟಕ್’ ಕೇಳಲಿಲ್ಲ. ಯಾರ ಗಮನಕ್ಕೂ ಬರಲಿಲ್ಲ. ಯಾರಿಗೆ ಬರಬೇಕು?

ಆಮೇಲಿನ ಸೋಮವಾರ ಎಲೆ ಕತ್ತರಿಸುವ ದಿನ. ಕೈಗವಸು ಹಾಕಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿದು, ಬೆವರು ಸುರಿಸುತ್ತಾ ಕುಂಡಪ್ಪ ಇನ್ನೂರ ನಲವತ್ತು ಲಕೋಟೆ ತುಂಬಿಸಿದ. ನೂರ ಹದಿನಾರಕ್ಕೆ ಬಂದಾಗ ಆ ಗಿಡ ಅವಧಿಗೆ ಮುಂಚೆಯೇ ಒಣಗಿಹೋಗಿತ್ತು. ಲಕೋಟೆಯ ಮೇಲೆ ‘ಎಲೆ ಇಲ್ಲ’ ಎಂದು ಬರೆದ. ನೂರ ಹದಿನೇಳರಲ್ಲಿ ನಡುವಿನ ಕಾಂಡ ಹಳದಿಯಾಗಿತ್ತು, ಆದರೆ ಕುಂಡದ ಅಂಚಿನಲ್ಲಿ ಒಂದು ಹೊಸ ಚಿಗುರು, ಎಡಗೈಗೆ ಸುಲಭಕ್ಕೆ ಸಿಗುವಂತೆ ನಿಂತಿತ್ತು. ಅದರಿಂದಲೇ ಒಂದು ಎಲೆ ಕತ್ತರಿಸಿ ಲಕೋಟೆಗೆ ಹಾಕಿದ.

ನಾಲ್ಕನೇ ಶನಿವಾರ ಕೈ ಸ್ವಲ್ಪ ಮಾತು ಕೇಳಿತು. ಹಲ್ಲು ಕಚ್ಚಿ ಒಂದೊಂದೇ ಕುಂಡ ಎತ್ತಿದ. ಟಕ್, ಟಕ್. ನೂರ ಹದಿನಾರು ಮೇಲಕ್ಕೆ ಬರಲೊಲ್ಲದು. ಬಗ್ಗಿ ನೋಡಿದರೆ ತಳದ ತೂತಿನಿಂದ ಬಿಳಿ ದಾರವೊಂದು ಇಳಿದು, ಮರಳಲ್ಲಿ ಹಾದು, ನೂರ ಹದಿನೇಳರ ತೂತಿಗೆ ಹೋಗಿ ಸೇರಿತ್ತು. ಅಂಚಿನ ಚಿಗುರು ನೂರ ಹದಿನೇಳರದಲ್ಲ. ಪಕ್ಕದ ಮನೆಯದು. ಒಣಗಿದಂತೆ ನಟಿಸಿ ಆ ಕಳ್ಳಿ ಗೋಡೆ ಹಾರಿದ್ದಳು.

ಕೈಗವಸಿರಲಿಲ್ಲ. ಚಿಗುರನ್ನು ಬುಡಸಮೇತ ಎಳೆದು ಕಿತ್ತಾಗ ಎಲೆ ಬೆರಳಿಗೆ ಅಂಟಿಕೊಂಡಿತು. ಅನುಮಾನವೇ ಬೇಡ. ನೂರ ಹದಿನಾರು ಮತ್ತು ನೂರ ಹದಿನೇಳು ಒಂದೇ ಬೆಟ್ಟದ ಒಂದೇ ಇಳಿಜಾರಿನಿಂದ ತಂದ ಅಕ್ಕತಂಗಿಯರು. ಎಲೆ, ಹೂವು, ಕಡಲೆಕಾಳಿನಂಥ ಗಡ್ಡೆ, ಎಲ್ಲ ಒಂದೇ ಅಚ್ಚು. ನೂರ ಹದಿನಾರರ ಎಲೆ ಮಾತ್ರ ಮುಟ್ಟಿದರೆ ಅಂಟುತ್ತದೆ. ಆ ಇನ್ನೂರ ನಲವತ್ತರಲ್ಲಿ ಹಾಗೆ ಅಂಟುವುದು ಅದೊಂದೇ.

ಕಿತ್ತ ಚಿಗುರನ್ನು ಹಬೆಯಲ್ಲಿ ಬೇಯಿಸಲು ಹೋಗುವ ಕಸದ ತೊಟ್ಟಿಗೆ ಎಸೆದ. ಒಂದು ಎಲೆ ತಾನೇ, ಎಂದುಕೊಂಡ. ಇನ್ನೂರ ನಲವತ್ತರಲ್ಲಿ ಒಂದು. ಹೇಗೂ ಎಲ್ಲ ಕಪ್ಪಾಗುವುದೇ.

ಎಲ್ಲ ಕಪ್ಪಾಗಲಿಲ್ಲ. ಹನ್ನೊಂದನೇ ದಿನ ಡಾಕ್ಟ್ರಮ್ಮ ಪರೀಕ್ಷೆ ಕೋಣೆಯಿಂದ ಓಡಿಬಂದಳು, ಕಾಲಲ್ಲಿ ಒಂದೇ ಚಪ್ಪಲಿ.

“ಕುಂಡಪ್ಪಾ! ನೂರ ಹದಿನೇಳು! ಮಿಕ್ಕಿದ್ದೆಲ್ಲ ಮಸಿ. ಅದೊಂದು ಎಲೆ ಮೇಲೆ ಒಂದು ಚುಕ್ಕೆ ಇಲ್ಲ. ಈಗ ತಾನೇ ಕಿತ್ತಂಗಿದೆ!”

ಅದು ನೂರ ಹದಿನಾರರ ಎಲೆಯೆಂದು ಕುಂಡಪ್ಪನಿಗೆ ಗೊತ್ತಿತ್ತು. ಈಗ ಹೇಳಿಬಿಡಬೇಕಿತ್ತು. ಬಾಯಿ ತೆರೆದ. ಅವಳ ಹಿಂದೆಯೇ ದೊಡ್ಡವರು ಬಂದರು, ಅವರ ಹಿಂದೆ ಕ್ಯಾಮೆರಾದವನು ಬಂದ. ಯಾರೋ ಕುಂಡಪ್ಪನನ್ನು ಪಕ್ಕಕ್ಕೆ ಸರಿಸಿ ನೂರ ಹದಿನೇಳನ್ನು ಎತ್ತಿ ದೊಡ್ಡವರ ಕೈಗೆ ಕೊಟ್ಟರು. ಅವರು ಅದನ್ನು ಕೂಸಿನಂತೆ ಹಿಡಿದು ನಕ್ಕರು. ತೆರೆದ ಬಾಯಿ ಹಾಗೇ ಮುಚ್ಚಿತು.

ಹದಿನೈದು ದಿನದಲ್ಲಿ ಗಿಡಗಳೆಲ್ಲ ಅವಧಿ ಮುಗಿದು ಒಣಗಿದವು. ಅದು ಪ್ರತಿ ವರ್ಷದ ಪಾಠ. ಒಣಗಿದ ಕಾಂಡ ಕತ್ತರಿಸಿ, ನೀರು ನಿಲ್ಲಿಸಿ, ಗಡ್ಡೆಗಳನ್ನು ಕುಂಡದಲ್ಲೇ ಮಲಗಲು ಬಿಡುವುದು. ಆಗ ಎಲ್ಲ ಕುಂಡವೂ ಒಂದೇ. ಇಟ್ಟಿಗೆಯಂತೆ ಗಟ್ಟಿಯಾದ ಬರೀ ಮಣ್ಣು, ಅದರಲ್ಲಿ ಕಚ್ಚಿಕೊಂಡು ನಿಂತ ಒಂದು ತಗಡು.

ಅಂಥದ್ದರಲ್ಲಿ, ಒಂದು ಬುಧವಾರ, ಪಟ್ಟಿ ಬಂತು. ಗಾಜಿನ ಮನೆ ಪ್ರದರ್ಶನಕ್ಕೆ ಬೇಕಂತೆ. ಬಂದವರಿಗೆ ತೋರಿಸಲು ದಪ್ಪ ದಪ್ಪ ಹೊಸ ತಳಿ ಇಡುತ್ತಾರಂತೆ. ಕಾಡಿನವು ಹತ್ತು ಕುಂಡ ಉಳಿದರೆ ಸಾಕು. ಮಿಕ್ಕ ಇನ್ನೂರ ಮೂವತ್ತು ಸೋಮವಾರ ಹಬೆಪೆಟ್ಟಿಗೆಗೆ. ಮಣ್ಣಿನ ಜೊತೆ ರೋಗ ಆಚೆ ಹೋಗಬಾರದೆಂದು ಬೇಡವಾದದ್ದನ್ನೆಲ್ಲ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೇಯಿಸಿಬಿಡುವುದು ನಿಯಮ. ಉಳಿಯುವ ಪಟ್ಟಿಯಲ್ಲಿ ಮೊದಲನೆಯದು ನೂರ ಹದಿನೇಳು, ಕೆಳಗೆ ಕೆಂಪು ಗೆರೆ. ಹೋಗುವ ಪಟ್ಟಿಯಲ್ಲಿ ನೂರ ಹದಿನಾರು: ‘ದುರ್ಬಲ. ಫಲಿತಾಂಶವಿಲ್ಲ.’

ಕುಂಡಪ್ಪ ಆ ಸಾಲಿನ ಮೇಲೆ ಬೆರಳಿಟ್ಟ. ನೂರ ಹದಿನಾರು ಬೇರೆಲ್ಲಾದರೂ ಇದೆಯೇ ಎಂದು ಯೋಚಿಸಿದ. ತಣ್ಣನೆ ಕೋಣೆಯಲ್ಲಿಟ್ಟಿದ್ದ ಅದರ ಬೀಜ, ತಂಪಿನ ಯಂತ್ರ ಕೆಟ್ಟು, ಎರಡು ವರ್ಷದ ಹಿಂದೆಯೇ ಸತ್ತಿತ್ತು. ಅದನ್ನು ತಂದ ಇಳಿಜಾರಿನ ಮೇಲೆ ಈಗ ಅಣೆಕಟ್ಟಿನ ನೀರು ನಿಂತಿತ್ತು. ಭೂಮಿಯ ಮೇಲೆ ಅಂಟುವ ಎಲೆಯ ಆ ಗಿಡ ಅಂತ ಇದ್ದರೆ ಈ ಒಂದು ಕುಂಡದ ಒಣಮಣ್ಣಲ್ಲಿ ಮಲಗಿದ್ದ ಏಳೆಂಟು ಕಾಳು, ಅಷ್ಟೇ.

ಸಂಜೆ ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳ ಮುಂದೆ ಎಲ್ಲ ಕಾರಿಕೊಂಡ.

“ಹೋಗಿ ಹೇಳಿಬಿಡ್ರಿ,” ಎಂದಳು.

“ಏನಂತ? ಮೂರು ವಾರ ಕೆಲಸ ಕದ್ದೆ ಅಂತಾನಾ? ಕೈ ಮುರ್ಕೊಂಡು ಮುಚ್ಚಿಟ್ಟೆ ಅಂತಾನಾ? ದೊಡ್ಡವರು ಫೋಟೋ ಹೊಡೆಸ್ಕೊಂಡ ಕುಂಡ ಸುಳ್ಳು ಅಂತಾನಾ? ಕಾಗದ ಮೇಜಿನ ಮೇಲಿದೆ ಕಣೇ. ಸಹಿ ಒಂದು ಬಾಕಿ.”

ಅವಳು ಹಿಂಡುತ್ತಿದ್ದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡಳು. “ನಮ್ ವಾರ್ಡಲ್ಲಿ ಕೂಸಿನ ಕೈಗೆ ಪಟ್ಟಿ ಕಟ್ತೀವಲ್ಲ. ಒಂದೊಂದ್ಸಲ ಅದಲು ಬದಲಾಗುತ್ತೆ. ಪಟ್ಟಿ ಬಿಚ್ಚಿ ಸರಿಯಾಗಿ ಕಟ್ತೀವಿ. ಕೂಸನ್ನ ಬಿಸಾಡ್ತೀವಾ?”

ಕುಂಡಪ್ಪ ಅವಳ ಮುಖವನ್ನೇ ನೋಡಿದ. ಹೌದಲ್ಲ. ಎರಡು ತಗಡು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ನಂಬರು ಸುಳ್ಳಾಗುತ್ತದೆ, ಗಿಡ ಉಳಿಯುತ್ತದೆ.

“ಆದ್ರೆ ನಾವು ಇಬ್ಬರು ನಿಂತು ಬದಲಾಯಿಸ್ತೀವಿ,” ಎಂದು ಅವಳು ಬಟ್ಟೆ ಹರವುತ್ತಾ ಹೇಳುತ್ತಿದ್ದಳು. “ಒಬ್ಬರೇ ಪಟ್ಟಿ ಮುಟ್ಟೋ ಹಾಗಿಲ್ಲ. ಡಾಕ್ಟ್ರೇ ಆಗಿರ್ಲಿ, ಮುಟ್ಟೋ ಹಾಗಿಲ್ಲ.”

ಆ ಮಾತು ಅವನ ಕಿವಿಯ ಮೇಲಿಂದ ಹೋಯಿತು.

ಶನಿವಾರ ಊಟದ ಹೊತ್ತು. ಎಲ್ಲರೂ ಡಬ್ಬಿ ಹಿಡಿದು ಹೊರಗಿನ ಕಟ್ಟೆಗೆ ಹೋಗಿದ್ದರು. ಕುಂಡಪ್ಪ ಬಾಗಿಲು ಓರೆ ಮಾಡಿಕೊಂಡು ಎರಡು ಕುಂಡಗಳ ಮುಂದೆ ನಿಂತ. ಒಣಗಿದ ಮಣ್ಣು ತಗಡನ್ನು ಹಲ್ಲು ಕಚ್ಚಿದ ಹಾಗೆ ಹಿಡಿದಿರುತ್ತದೆಂದು ಅವನಿಗೆ ಗೊತ್ತು. ಅಲ್ಲಾಡಿಸಿ ಕೀಳಲು ಇಕ್ಕಳ ತಂದಿದ್ದ. ಇಕ್ಕಳ ಬೇಕಾಗಲಿಲ್ಲ. ಎರಡೂ ಬೆಣ್ಣೆಯಲ್ಲಿ ಚುಚ್ಚಿದ್ದಂತೆ ಎದ್ದು ಬಂದವು. ಒಂದು ಗಳಿಗೆ ವಿಚಿತ್ರವೆನಿಸಿತು. ನನ್ನ ಮಾತು ಕೇಳ್ತಾ ಇವೆ, ಹೆತ್ತವನ ಕೈ ಗೊತ್ತಾಗಿದೆ, ಎಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡ. ತಗಡು ಅದಲು ಬದಲು ಮಾಡಿ, ಬುಡದ ಮಣ್ಣು ಒತ್ತಿ, ಹೋಗಿ ಊಟಕ್ಕೆ ಕೂತ. ಎಷ್ಟೋ ದಿನದ ಮೇಲೆ ಅನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಸೋಮವಾರ ತಳ್ಳುಗಾಡಿ. ಒಂದು ಸಲಕ್ಕೆ ಇಪ್ಪತ್ತು ಕುಂಡ. ಹಬೆಪೆಟ್ಟಿಗೆ ನೋಡಿಕೊಳ್ಳುತ್ತಿದ್ದವನು ಹೆಂಡತಿಯ ತಮ್ಮ. ಎಲ್ಲರೂ ಅವನನ್ನು ಹಬೆರಾಯ ಎನ್ನುತ್ತಿದ್ದರು. ಆಳು ತೆಳ್ಳಗೆ, ಮಾತು ದಪ್ಪ.

“ಏನ್ ಭಾವ, ಮಕ್ಕಳನ್ನೆಲ್ಲ ಕರ್ಕೊಂಡು ಸ್ನಾನಕ್ಕೆ ಬಂದ್ರಾ? ಬನ್ನಿ ಬನ್ನಿ, ನೀರು ಕಾದಿದೆ.”

“ಮುಚ್ಚೋ ಬಾಯಿ.”

“ನಂಗ್ಯಾಕೆ ಬಯ್ತೀರಾ? ಬೇಯಿಸು ಅಂದ್ರೆ ಬೇಯಿಸ್ತೀನಿ. ನಾಳೆ ನಿಮ್ಮನ್ನೂ ಪಟ್ಟಿಲಿ ಬರೆದ್ರೆ ನಿಮ್ಮನ್ನೂ ಒಳಗೆ ಹಾಕ್ತೀನಿ. ಅಕ್ಕಂಗೆ ಮೊದಲೇ ಹೇಳ್ತೀನಿ ಬಿಡಿ.”

ಆರನೇ ಗಾಡಿಯಲ್ಲಿ ನೂರ ಹದಿನಾರರ ತಗಡಿತ್ತು. ಡಾಕ್ಟ್ರಮ್ಮ ಬೆಳಗಿನಿಂದ ಪೆಟ್ಟಿಗೆಯ ಬಾಗಿಲಲ್ಲೇ ಪಟ್ಟಿ ಹಿಡಿದು ನಿಂತಿದ್ದಳು. ಒಂದೊಂದು ನಂಬರಿಗೂ ಅವಳ ತುಟಿ ನಡುಗುತ್ತಿತ್ತು. ಈ ನಂಬರಿಗೆ ಮಾತ್ರ ನಡುಗಲಿಲ್ಲ.

“ನೂರ ಹದಿನಾರು ಹೋಯ್ತಾ?”

“ಹೋಯ್ತು ಮೇಡಂ.”

“ಸರಿ.”

“ಸರಿ ಮೇಡಂ.”

ಇಬ್ಬರ ಮುಖದಲ್ಲೂ ಒಂದು ಎಳೆ ನಗು ಬಂದು ಹೋಯಿತು. ಪಾಪ, ಈಯಮ್ಮನಿಗೇನು ಗೊತ್ತು ಎಂದುಕೊಂಡ ಕುಂಡಪ್ಪ. ಹಬೆರಾಯ ಬಾಗಿಲು ಎಳೆದು ತಿರುಪು ಬಿಗಿದ. ಒಳಗೆ ಹಬೆ ಬುಸ್ಸೆಂದಿತು. ಸ್ವಲ್ಪ ಹೊತ್ತಿಗೆ ಬೆಂದ ಮಣ್ಣಿನ ವಾಸನೆ ಬಂತು, ಅದರೊಳಗೆ ಬೆಂದ ಆಲೂಗಡ್ಡೆಯ ವಾಸನೆ, ತೀರಾ ಸಣ್ಣಗೆ.

ಅದೇ ತಿಂಗಳ ಕೊನೆಗೆ ಕಾಯಂ ಕಾಗದಕ್ಕೆ ಸಹಿ ಬಿತ್ತು. ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡಳು. ಹಬೆರಾಯ ಬಂದು, “ಇನ್ಮೇಲೆ ಭಾವನಿಗೂ ಒಂದು ನಂಬರ್ ಬಂತು, ತಗಡು ಎಲ್ಲಿಗೆ ಚುಚ್ಚೋಣ?” ಎಂದು ಎಲ್ಲರನ್ನೂ ನಗಿಸಿದ. ಕುಂಡಪ್ಪನೂ ಮನಸಾರೆ ನಕ್ಕ.

ಮುಂದಿನ ಹಂಗಾಮು ಬಂತು. ಗಾಜಿನ ಮನೆಯ ತುಂಬ ಪ್ರದರ್ಶನದ ದಪ್ಪ ತಳಿ, ಮೂಲೆಯಲ್ಲಿ ಹತ್ತು ಕಾಡು ಕುಂಡ. ನೂರ ಹದಿನೇಳರ ತಗಡಿದ್ದ ಕುಂಡದಲ್ಲಿ ಮೊಳಕೆ ಒಡೆದ ದಿನ ಕುಂಡಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, “ಬಂದ್ಯಾ ತಾಯಿ,” ಎಂದ. ಎರಡು ಎಲೆ ಬಿಟ್ಟಾಗ ಬೆರಳ ತುದಿಯಿಂದ ಮುಟ್ಟಿದ. ಅಂಟಲಿಲ್ಲ. ಎಳೆಯದು, ಇನ್ನೂ ಹಾಲು ಕುಡಿಯುವ ಕೂಸು, ಎಂದುಕೊಂಡ. ನಾಲ್ಕು ಎಲೆ ಬಿಟ್ಟಾಗ ಮುಟ್ಟಿದ. ಎಂಟು ಬಿಟ್ಟಾಗ ಮುಟ್ಟಿದ. ಎಲೆ ಒಣಗಿದ ಕಾಗದದ ಹಾಗೆ ಬೆರಳಿನಿಂದ ಜಾರುತ್ತಿತ್ತು. ನೀರು ಹೆಚ್ಚಾಯಿತೇನೋ ಎಂದು ನೀರು ಕಡಿಮೆ ಮಾಡಿದ. ಬಿಸಿಲು ಸಾಲದೇನೋ ಎಂದು ಕುಂಡ ಜರುಗಿಸಿದ. ಕೈ ತೊಳೆದು ಒರೆಸಿಕೊಂಡು ಮುಟ್ಟಿದ.

ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದ. ಗಾಜಿನ ಮನೆಯ ಬಾಗಿಲು ಆಗಲೇ ತೆರೆದಿತ್ತು. ಮೂಲೆಯಲ್ಲಿ ಡಾಕ್ಟ್ರಮ್ಮ ಬಗ್ಗಿ ನಿಂತಿದ್ದಳು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈಯ ಬೆರಳು ಅದೇ ಗಿಡದ ಎಲೆಯ ಮೇಲೆ. ಅವಳು ಮುಟ್ಟುತ್ತಿದ್ದ ರೀತಿ ನೋಡಿ ಕುಂಡಪ್ಪ ಅಲ್ಲೇ ನಿಂತ. ಅದು ಅವನ ರೀತಿ. ಮುಟ್ಟಿ, ಬೆರಳು ಎತ್ತಿ, ಎಲೆ ಜೊತೆಯಲ್ಲಿ ಬರುತ್ತದೆಯೇ ಎಂದು ಕಾಯುವ ರೀತಿ.

ಅವಳು ತಲೆ ಎತ್ತಿದಳು.

“ಅಂಟ್ತಾ ಇಲ್ಲ, ಕುಂಡಪ್ಪ.”

“ನೂರ ಹದಿನೇಳು ಯಾವತ್ತು ಅಂಟಿತ್ತು ಮೇಡಂ?” ಎಂದ ಕುಂಡಪ್ಪ.

“ಇದು ನೂರ ಹದಿನೇಳಲ್ಲ.” ಅವಳು ಭೂತಗನ್ನಡಿ ಕೆಳಗೆ ಬಿಟ್ಟಳು. “ಪರೀಕ್ಷೆ ಎಲೇನ ಕಾಗದದಲ್ಲಿ ಒತ್ತಿ ಇಟ್ಟಿದ್ದೆ. ಪಟ್ಟಿ ಬಂದ ಮಾರನೇ ದಿನ ಕನ್ನಡಿ ಹಿಡಿದು ನೋಡಿದೆ. ಎಲೆ ತುಂಬ ಅಂಟುಗೂದಲು. ನೂರ ಹದಿನಾರರದ್ದು. ಓಡುಬಳ್ಳಿ ದಾಟಿದೆ, ನೀವು ಕುಂಡ ತಿರುಗಿಸಿಲ್ಲ ಅಂತ ಅಲ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ...”

“ವರದಿ ಮೇಲಕ್ಕೆ ಹೋಗಿತ್ತು. ನಂಬರ್ ತಪ್ಪಿದೆ ಅಂದ್ರೆ ಹತ್ತು ಕುಂಡಾನೂ ಬೇಡ, ಮುಚ್ಚಿ ಅಂತಾರೆ. ನಿಮ್ಮ ಕಾಗದ ಬೇರೆ ಅಲ್ಲೇ ಮೇಜಿನ ಮೇಲಿತ್ತು. ನಾನು ಬಾಯಿಬಿಟ್ರೆ ಅದೂ ಕಸದಬುಟ್ಟಿಗೆ. ಅದಕ್ಕೇ ಯಾರಿಗೂ ಹೇಳ್ದೆ...” ಅವಳು ಕುಂಡದ ತಗಡನ್ನು ನೋಡಿದಳು. “ಎರಡೂ ತಗಡು ನಾನೇ ಬದಲಾಯಿಸಿದೆ, ಸಾಲು ತಪ್ಪದ ಹಾಗೆ ಕುಂಡಗಳನ್ನೂ ಅದಲು ಬದಲು ಇಟ್ಟೆ. ಶುಕ್ರವಾರ ಸಂಜೆ, ನೀವು ಮನೆಗೆ ಹೋದ ಮೇಲೆ.”

ಬೆಣ್ಣೆಯಲ್ಲಿ ಚುಚ್ಚಿದ್ದಂತೆ ಎದ್ದು ಬಂದ ತಗಡುಗಳು. ತಿಂಗಳುಗಟ್ಟಲೆ ನೀರು ಕಾಣದ ಮಣ್ಣಿನಿಂದ.

ಕುಂಡಪ್ಪ ಮರಳಿನ ಹಾಸಿನ ಅಂಚು ಹಿಡಿದು ಕೆಳಗೆ ಕೂತ.

“ನಾನು ಶನಿವಾರ,” ಎಂದ. “ಊಟದ ಹೊತ್ತಲ್ಲಿ.”

ಎರಡು ಸಲ ಬದಲಾಗಿ ತಗಡುಗಳು ಹಳೆಯ ಕುಂಡಗಳಿಗೇ ವಾಪಸಾಗಿದ್ದವು, ಬೆಂದದ್ದು ನಿಜವಾದ ನೂರ ಹದಿನಾರೇ ಎಂದು ಡಾಕ್ಟ್ರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಕೊರಳಿನ ಭೂತಗನ್ನಡಿ ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡಳು. ಇನ್ನು ಅದರಲ್ಲಿ ನೋಡುವುದು ಏನೂ ಇಲ್ಲ ಎಂಬಂತೆ.

“ಒಂದು ಮಾತು ನನ್ನ ಹತ್ರ ಹೇಳೋದಲ್ವಾ, ಕುಂಡಪ್ಪ?”

“ನೀವೂ ಒಂದು ಮಾತು ಹೇಳೋದಲ್ವಾ, ಮೇಡಂ?”

ಹೇಳಿದರೆ ಕೆಟ್ಟೆವು ಎಂದು ಇಬ್ಬರಿಗೂ ಕಲಿಸಿದವರು ಬಣ್ಣ ಹೊಡೆದ ಬಾಗಿಲಿನ ಹಿಂದೆ ಕೂರುವವರು. ಆ ಹೊತ್ತಿಗೆ ಅವರು ಇನ್ನೂ ಬಂದಿರಲೂ ಇಲ್ಲ.

ಆದರೂ ಆಸೆ. ಎಲೆ ಕತ್ತರಿಸಿ ಪರೀಕ್ಷೆಗೆ ಇಟ್ಟರು. ಈ ಸಲ ಇಬ್ಬರೂ ಜೊತೆಯಲ್ಲಿ ನಿಂತು ಕತ್ತರಿಸಿದರು, ಇಬ್ಬರೂ ನಂಬರು ಓದಿದರು. ಮೂರನೇ ದಿನಕ್ಕೆ ಎಲೆ ಮಸಿಯಾಗಿ ತಟ್ಟೆಗೆ ಅಂಟಿಕೊಂಡಿತ್ತು. ಕುಂಡಪ್ಪ ಹಬೆಪೆಟ್ಟಿಗೆಯ ಹಿಂದಿನ ಮಣ್ಣಿನ ರಾಶಿಯನ್ನು ಎರಡು ದಿನ ಜರಡಿ ಹಿಡಿದ. ಹಬೆರಾಯ ಮೊದಲು ನಕ್ಕ. “ಏನ್ ಭಾವ, ಬೇಯಿಸಿದ್ದನ್ನ ಮೊಳಕೆ ಬರಿಸ್ತೀರಾ?” ಭಾವನ ಮುಖ ನೋಡಿ ಆಮೇಲೆ ತಾನೂ ಒಂದು ಜರಡಿ ಹಿಡಿದು ಸುಮ್ಮನೆ ಪಕ್ಕದಲ್ಲಿ ಕೂತ. ಸುಕ್ಕುಗಟ್ಟಿದ ಸಿಪ್ಪೆಗಳು ಸಿಕ್ಕವು. ಹಿಚುಕಿದರೆ ಪುಡಿ.

ದೊಡ್ಡವರು ಫಲಿತಾಂಶ ನೋಡಿ, “ಕಾಡುಗಿಡ ಕಾಡುಗಿಡಾನೇ, ನಾನು ಮೊದಲೇ ಹೇಳಿದ್ನಲ್ಲ,” ಎಂದರಂತೆ. ಫೋಟೋ ಗೋಡೆಯ ಮೇಲೆ ಹಾಗೇ ಇತ್ತು.

ಶನಿವಾರ ಡಾಕ್ಟ್ರಮ್ಮ ಅವನನ್ನು ಕೋಣೆಗೆ ಕರೆಸಿದಳು. ಮೇಜಿನ ಮೇಲೆ ಗಿಡಗಳ ದೊಡ್ಡ ಪುಸ್ತಕ ತೆರೆದಿತ್ತು. ಕಿಟಕಿ ಮುಚ್ಚಿದ್ದರೂ ಕಣಿವೆಯ ನಾತ ಒಳಗೆ ಬರುತ್ತಿತ್ತು. ಆ ವರ್ಷ ಮೋಡ ಬೇಗ ಕವಿದಿತ್ತು.

“ಒಂದು ಗಿಡ ಪೂರ್ತಿ ಇಲ್ಲವಾದ್ರೆ ಅದರ ಪುಟ ಮುಚ್ಚಬೇಕು,” ಎಂದಳು. “ಕಾರಣ ಬರೆದು ಇಬ್ಬರು ಸಹಿ ಹಾಕಬೇಕು. ಇಬ್ಬರೂ ಈ ಗಾಜಿನ ಮನೆಯ ಕಾಯಂ ನೌಕರರೇ ಆಗಿರ್ಬೇಕು. ಇಷ್ಟು ದಿನ ಇಲ್ಲಿ ಎರಡನೆಯವರು ಯಾರೂ ಇರ್ಲಿಲ್ಲ.”

ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು. ನೂರ ಹದಿನಾರು. ತಂದ ಬೆಟ್ಟ, ತಂದ ವರ್ಷ, ತಂದವರ ಹೆಸರು. ಎಲೆ: ಅಂಟು. ಕೆಳಗೆ ಅವಳ ಅಕ್ಷರದಲ್ಲಿ ಕಾರಣ ಬರೆದಾಗಿತ್ತು: ‘ಅವಧಿಗೆ ಮುನ್ನ ಒಣಗಿತು.’ ಅದರ ಕೆಳಗೆ ಅವಳ ಸಹಿ.

“ಇದು ಸುಳ್ಳಲ್ವಾ ಮೇಡಂ?”

“ನಿಜ ಬರೀತೀರಾ? ಪೆನ್ನು ಅಲ್ಲೇ ಇದೆ. ಬರೀರಿ. ನಾನು ತಡೆಯಲ್ಲ.”

ಕುಂಡಪ್ಪ ಪೆನ್ನು ತೆಗೆದುಕೊಂಡ. ಗೋಡೆಯಾಚೆ ದೊಡ್ಡವರು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದರು. ಹೆಂಡತಿ ಕಾಯಂ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದು ನೆನಪಾಯಿತು. ಪೆನ್ನು ಕಾಗದದ ಮೇಲೆ ಬಹಳ ಹೊತ್ತು ನಿಂತಿತು. ಒಂದು ಚುಕ್ಕೆ ಮೂಡಿ, ಮೆಲ್ಲಗೆ ಹರಡಿ, ಎಲೆಯ ತುದಿಗೆ ಹಿಡಿಯುವ ಅಂಗಮಾರಿಯಷ್ಟು ದೊಡ್ಡದಾಯಿತು.

ಆಮೇಲೆ ಅವನು ಹಾಜರಿ ಪುಸ್ತಕದಲ್ಲಿದ್ದ ತನ್ನ ಹೆಸರನ್ನು, ಒಂದಕ್ಷರವೂ ಬಿಡದೆ, ಅಲ್ಲಿ ಬರೆದ. ಸಹಿ ಮುಗಿಸುವಷ್ಟರಲ್ಲಿ ಮಣಿಕಟ್ಟು ಸಿಡಿಯುತ್ತಿತ್ತು.

ಡಾಕ್ಟ್ರಮ್ಮ ಪುಸ್ತಕ ಮುಚ್ಚಿದಳು. ಕುಂಡಪ್ಪ ಗಾಜಿನ ಮನೆಗೆ ಹೋಗಿ, ಮೂಲೆಯ ಮೊದಲನೇ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಅರ್ಧ ಸುತ್ತು ತಿರುಗಿಸಿ ಇಟ್ಟ. ನೂರ ಹದಿನೇಳರ ಪಕ್ಕದ ಮರಳು ಬೋಳಾಗಿತ್ತು. ಆ ಕುಂಡವನ್ನೂ ಎತ್ತಿದ. ಯಾವ ಸದ್ದೂ ಬರಲಿಲ್ಲ.